ಎಲ್ಲರೂ ಸೇರಿ ಊಟಕ್ಕೆ ಕೂತಾಗ ಮಕ್ಕಳನ್ನ ಮಾತಿಗೆ ಸೇರಿಸ್ಕೊಳ್ಳೋದು ಹೇಗೆ?

ಇಬ್ಬರ ಅಮ್ಮ:
ಎಲ್ರಿಗೂ ನಮಸ್ಕಾರ. ರಜೆ ಬಂತಂದ್ರೆ ನಮ್ಮನೇಲಿ ಅಜ್ಜಿ ತಾತ, ಚಿಕ್ಕಪ್ಪ, ಅತ್ತೆ ಎಲ್ಲ ಒಟ್ಟಿಗೆ ಊಟಕ್ಕೆ ಕೂರ್ತೀವಿ, ತಟ್ಟೆ ಖಾಲಿಯಾದ್ರೂ ಮಾತು ಮುಗಿಯಲ್ಲ, ಏಳೋ ಹೊತ್ತಿಗೆ ಒಂದೂವರೆ ಗಂಟೆ ಆಗಿರತ್ತೆ. ಮಗಳಿಗೆ 9, ಮಗನಿಗೆ 5. ಅವನು ಸ್ವಲ್ಪ ಹೊತ್ತಿಗೇ ಮೇಜಿನ ಕೆಳಗೆ ಸೇರ್ಕೋತಾನೆ, ಇವಳನ್ನ ‘ಸ್ಕೂಲ್ ಹೇಗಿದೆ ಪುಟ್ಟಿ’ ಅಂತ ಯಾರು ಕೇಳಿದ್ರೂ ‘ಚೆನ್ನಾಗಿದೆ’ ಅಂದು ತಲೆ ತಗ್ಗಿಸ್ತಾಳೆ. ಕೊನೆಗೆ ಯಾರಾದ್ರೂ ಕೈಗೆ ಫೋನ್ ಕೊಡ್ತಾರೆ, ಅಲ್ಲಿಗೆ ಮುಗೀತು. ಗಲಾಟೆ ಮಾಡದೆ ಕೂರಲಿ ಅಂತಲ್ಲ, ಅವರೂ ಮಾತಾಡ್ಬೇಕು ಅಂತ ನನ್ನಾಸೆ. ನೀವೆಲ್ಲ ಏನ್ ಮಾಡ್ತೀರಾ?

ಟೀಚರ್ ಅಕ್ಕ:
‘ಸ್ಕೂಲ್ ಹೇಗಿದೆ’ ಅಂದ್ರೆ ಮಗು ಇನ್ನೇನ್ ತಾನೆ ಹೇಳತ್ತೆ ಹೇಳಿ, ದೊಡ್ಡವರನ್ನ ‘ಆಫೀಸ್ ಹೇಗಿದೆ’ ಅಂದ್ರೂ ಅದೇ ಉತ್ತರ. ಚಿಕ್ಕದಾಗಿ, ಒಂದೇ ವಿಷಯ ಹಿಡಿದು ಕೇಳಿ. ಇವತ್ತು ಕ್ಲಾಸಲ್ಲಿ ಯಾರು ಜಾಸ್ತಿ ನಗಿಸಿದ್ರು, ಅವರು ಏನಂದ್ರು, ಹೀಗೆ. ಆದ್ರೆ ಅದಕ್ಕಿಂತ ಮುಖ್ಯವಾದದ್ದು ಕೇಳಿದ್ಮೇಲೆ ಕಾಯೋದು. 1970ರ ದಶಕದಲ್ಲಿ ಮೇರಿ ಬಡ್ ರೋ ಅನ್ನೋ ಅಮೆರಿಕದ ಶಿಕ್ಷಣ ಸಂಶೋಧಕಿ ತರಗತಿಗಳನ್ನ ಗಮನಿಸಿದಾಗ ಟೀಚರ್‌ಗಳು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಅಷ್ಟೇ ಕಾಯ್ತಿದ್ರಂತೆ, ಅದನ್ನ 3 ಸೆಕೆಂಡ್ ಮಾಡಿದಾಗ ಮಕ್ಕಳ ಉತ್ತರ ಉದ್ದ ಆಯ್ತು, ಸುಮ್ನೆ ಕೂತಿರ್ತಿದ್ದೋರೂ ಬಾಯಿ ಬಿಟ್ರು. ಊಟದ ಮೇಜಲ್ಲೂ ಅದೇ ಕಥೆ. ಮಗು ಸ್ಪೂನ್ ಅರ್ಧಕ್ಕೆ ನಿಲ್ಸಿ ಮೇಲೆ ನೋಡ್ತಾ ‘ಅದೂ... ಅವತ್ತೂ...’ ಅಂತ ಶುರು ಮಾಡ್ತಿರತ್ತೆ, ಅಷ್ಟರಲ್ಲಿ ಪಕ್ಕದಲ್ಲಿರೋ ದೊಡ್ಡವರು ವಾಕ್ಯ ಮುಗಿಸಿಬಿಡ್ತಾರೆ ಇಲ್ಲಾ ಇನ್ನೊಂದು ಪ್ರಶ್ನೆ ಎಸೀತಾರೆ. ಸ್ಪೂನ್ ಮತ್ತೆ ಬಾಯಿಗೆ ಹೋಗತ್ತೆ, ಮಾತು ಅಲ್ಲಿಗೇ ನಿಲ್ಲತ್ತೆ. ಆ ‘ಅದೂ’ಗೆ ಜಾಗ ಬಿಡಿ, ದಯವಿಟ್ಟು. ಉಚ್ಚಾರಣೆ ತಪ್ಪು, ಲೆಕ್ಕ ತಪ್ಪು ಅಂತ ಮಧ್ಯೆ ತಿದ್ದೋದಂತೂ ಬೇಡವೇ ಬೇಡ.

ತಾತನ ಮೊಮ್ಮಗ:
ಮಕ್ಕಳನ್ನೇ ಯಾಕೆ ಪ್ರಶ್ನೆ ಕೇಳ್ಬೇಕು, ಅವರು ಕೇಳ್ಲಿ ಬಿಡಿ. ಅಪ್ಪ ಚಿಕ್ಕವನಿದ್ದಾಗ ಯಾವುದಕ್ಕೆ ಹೆದರ್ತಿದ್ದ, ಅಜ್ಜಿ ತಾತ ಹೇಗೆ ಭೇಟಿಯಾದ್ರು, ನನಗೆ ಈ ಹೆಸರು ಯಾಕಿಟ್ರು, ಇಂಥವು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರಾದ ಮಾರ್ಷಲ್ ಡ್ಯೂಕ್, ರಾಬಿನ್ ಫೈವುಶ್ ಇಬ್ಬರೂ ಇದೇ ತರ 20 ಪ್ರಶ್ನೆ ಮಾಡಿ ಮನೆತನದ ಕಥೆ ಮಕ್ಕಳಿಗೆ ಎಷ್ಟು ಗೊತ್ತು ಅಂತ ನೋಡಿದ್ರು, ಜಾಸ್ತಿ ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಜಾಸ್ತಿ ಕಂಡಿತ್ತು. ಕಥೆ ಕೇಳಿದ್ದಕ್ಕೇ ಹಾಗಾಯ್ತು ಅಂತ ಹೇಳೋಕಾಗಲ್ಲ, ಜೊತೆಗೆ ಕೂತು ಮಾತಾಡೋ ಮನೆ ಅನ್ನೋದೂ ಕಾರಣ ಇರಬಹುದು, ನಿಮಗೆ ಬೇಕಿರೋದೂ ಅದೇ ಅಲ್ವಾ. ತಾತನಿಗೆ ಮೊದಲೇ ಹೇಳಿಡಿ, ಬುದ್ಧಿಮಾತು ಬೇಡ, ಅವರು ಒದೆ ತಿಂದ ಕಥೆ ಹೇಳ್ಲಿ. ಮೇಜಿನ ಕೆಳಗಿರೋನೂ ಮೇಲೆ ಬರ್ತಾನೆ ನೋಡಿ.

ಮೂರು ಮಕ್ಕಳ ಅಪ್ಪ:
ಮೇಲಿನವರು ಹೇಳಿದ್ದೆಲ್ಲ 9 ವರ್ಷದವಳಿಗೆ ಸರಿ. 5 ವರ್ಷದವನಿಗೆ ಒಂದೂವರೆ ಗಂಟೆ ಅತಿಯಾಯ್ತು ಅನ್ಸತ್ತೆ ನಂಗೆ. ತಿಂದಾದ್ಮೇಲೆ ಇಳಿದು ಆಡ್ಲಿ, ಬೇಕಾದಾಗ ವಾಪಸ್ ಬರ್ಲಿ, ಬಂದಾಗ ಬೈಬೇಡಿ. ನೀರು ಬಡಿಸೋ ಕೆಲಸ ಕೊಡಿ, ಒಬ್ಬೊಬ್ಬರ ಹತ್ರನೂ ಹೋಗಿ ‘ಬೇಕಾ’ ಅಂತ ಕೇಳ್ತಾ ಮಾತು ತಾನಾಗೇ ಶುರುವಾಗತ್ತೆ. ಫೋನ್ ಬೇಡ ಅಂದ್ರೆ ದೊಡ್ಡವರದ್ದೂ ಬೇರೆ ರೂಮಲ್ಲಿರ್ಲಿ.

ಇಬ್ಬರ ಅಮ್ಮ:
ತುಂಬಾ ಥ್ಯಾಂಕ್ಸ್. ನೀರಿನ ಐಡಿಯಾ ಇಷ್ಟ ಆಯ್ತು, ಅವನು ಖುಷಿಯಾಗಿ ಮಾಡ್ತಾನೆ. ಆದ್ರೆ ಮಧ್ಯೆ ಬಾಯಿ ಹಾಕ್ಬೇಡಿ ಅಂತ ನಮ್ಮತ್ತೆಗೆ ಹೇಗೆ ಹೇಳ್ಲಿ?

ಟೀಚರ್ ಅಕ್ಕ:
ನೇರವಾಗಿ ಹೇಳ್ಬೇಡಿ, ನೊಂದ್ಕೋತಾರೆ. ಅವರು ಶುರು ಮಾಡಿದ ತಕ್ಷಣ ನೀವು ಮಗಳ ಕಡೆ ತಿರುಗಿ ‘ಹೂಂ, ಆಮೇಲೆ?’ ಅನ್ನಿ. ಇಲ್ಲಾ ಊಟಕ್ಕೆ ಮುಂಚೆನೇ ‘ಇವಳು ನಿಮಗೊಂದು ವಿಷಯ ಹೇಳ್ಬೇಕಂತೆ, ಪೂರ್ತಿ ಕೇಳ್ತೀರಾ ಅತ್ತೆ’ ಅಂತ ಅವರಿಗೇ ವಹಿಸಿಬಿಡಿ.