‘ನಾನು ಕಪ್ಪು’ ಅಂತ ಮಗು ಅತ್ತರೆ ಏನು ಹೇಳಬೇಕು?

ರೂಪಾ_ತುಮಕೂರು:
ಒಂದನೇ ಕ್ಲಾಸಿನ ಮಗು ‘ನಾನು ಕಪ್ಪು, ಅದಕ್ಕೇ ಡ್ಯಾನ್ಸಲ್ಲಿ ಹಿಂದೆ ನಿಲ್ಲಿಸಿದ್ರು’ ಅಂದಾಗ ನಾವೆಲ್ಲ ‘ಬಣ್ಣ ಮುಖ್ಯ ಅಲ್ಲ ಪುಟ್ಟಾ, ಗುಣ ಮುಖ್ಯ’ ಅಂತೀವಿ. ಮಗುವಿಗೆ ಸಮಾಧಾನವೇ ಆಗಲ್ಲ. ಯಾಕೆ? ಮನೆಯಲ್ಲಿ ಕಡಲೆಹಿಟ್ಟು, ಕ್ರೀಮ್ ಅಂತ ಶುರುವಾದರೆ ತಡೆಯೋದು ಹೇಗೆ?

ಶಾಂತಲಾ_ಆಪ್ತಸಲಹೆ:
ಮೇಡಂ, ಮಾತು ಸರಿ, ಹೇಳೋ ಹೊತ್ತು ತಪ್ಪು. ಅಳ್ತಿರೋ ಮಗುವಿಗೆ ಅದು ‘ಅಂದ ಅಂತೂ ಇಲ್ಲ, ಗುಣನಾದ್ರೂ ಇಟ್ಕೊ’ ಅಂತ ಕೇಳಿಸುತ್ತೆ. ‘ಯಾರು ಹೇಳಿದ್ದು, ನೀನು ಬೆಳ್ಳಗೇ ಇದ್ದೀಯ’ ಅನ್ನೋದು ಇನ್ನೂ ಕೆಟ್ಟದ್ದು. ಕಪ್ಪು ಅಂದರೆ ಮುಚ್ಚಿಡಬೇಕಾದ್ದು ಅಂತ ಅಮ್ಮನೇ ಒಪ್ಪಿದ ಹಾಗಾಯ್ತು.

ಮೊದಲು ‘ಯಾರು ಅಂದ್ರು? ಆಗ ನಿಂಗೆ ಹೇಗಾಯ್ತು?’ ಅಂತ ಕೇಳಿ, ಹೇಳಿ ಮುಗಿಸೋವರೆಗೂ ಬಾಯಿ ಹಾಕಬೇಡಿ. ಆಮೇಲೆ ‘ಹೌದು, ನಿನ್ನ ಬಣ್ಣ ಕಪ್ಪು, ಚೆನ್ನಾಗಿದೆ. ಅದಕ್ಕೋಸ್ಕರ ಹಿಂದೆ ನಿಲ್ಲಿಸಿದ್ರೆ ಅದು ಅವರ ತಪ್ಪು’ ಅನ್ನಿ. ಆ ದಿನಕ್ಕೆ ಅಷ್ಟು ಸಾಕು. ಟೀಚರ್ ಹತ್ರ ನೀವೇ ಹೋಗಿ, ಎತ್ತರ ನೋಡಿ ನಿಲ್ಲಿಸಿ ಇಲ್ಲವೇ ಸಾಲು ಬದಲಾಯಿಸ್ತಾ ಇರಿ ಅಂತ ಕೇಳಿ.

ಗುಣದ ಮಾತು ಬೇರೆ ದಿನ, ಮಗು ಮಾಡಿದ ಕೆಲಸ ಹಿಡಿದು ಬರಲಿ. ಬರೀ ‘ಒಳ್ಳೆ ಹುಡುಗಿ’ ಅಂದರೆ ಏನೂ ತಿಳಿಯಲ್ಲ. ‘ಪಂಕ್ತೀಲಿ ಪಕ್ಕದವಳ ಎಲೆಗೆ ಪಲ್ಯ ಬಿದ್ದಿಲ್ಲ ಅಂತ ಬಡಿಸೋರನ್ನ ಕೂಗಿದೆಯಲ್ಲ, ನೋಡ್ದೆ’ ಅಂದರೆ ಮನಸ್ಸಿಗೆ ಇಳಿಯುತ್ತೆ.

ವಿಜ್ಞಾನದ_ಮೇಷ್ಟ್ರು:
ಬಣ್ಣದ ಬಗ್ಗೆ ಮಾತಾಡೋಕೆ ಒಂದನೇ ಕ್ಲಾಸಿನವರೆಗೂ ಕಾದರೆ ತಡವಾಯ್ತು. 1940ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾರ್ಕ್ ದಂಪತಿ 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣ ಬಿಟ್ಟು ಉಳಿದೆಲ್ಲ ಒಂದೇ ಥರ ಇದ್ದ ಗೊಂಬೆಗಳನ್ನ ಇಟ್ಟರು. ಹೆಚ್ಚಿನ ಮಕ್ಕಳು ‘ಚೆಂದ’ ಅಂತ ಕೈ ತೋರಿಸಿದ್ದು ಬಿಳಿ ಗೊಂಬೆಗೆ.

ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ಬಗ್ಗೆ ಹೇಳಿಕೊಡಿ. ಅದನ್ನ ತಯಾರಿಸುವ ಜೀವಕೋಶಗಳು ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಲೆಕ್ಕ. ಎಷ್ಟು, ಯಾವ ಬಗೆಯದು ತಯಾರಾಗುತ್ತೆ ಅನ್ನೋದರಲ್ಲಷ್ಟೇ ವ್ಯತ್ಯಾಸ. ಮೆಲನಿನ್ ಅಂದರೆ ಚರ್ಮ ಬಿಸಿಲಿಗೆ ಹಿಡಿದ ಕೊಡೆ ಅನ್ನಿ, ಅರ್ಥವಾಗುತ್ತೆ.

ಇನ್ನು ಚಿತ್ರ. ಡಬ್ಬೀಲಿರೋ ತಿಳಿ ಗುಲಾಬಿ ಕ್ರೇಯಾನಿಗೆ ‘ಮೈಬಣ್ಣ’ ಅನ್ನೋದು ಬಿಡಿಸಿ. ಹಾಳೆ ಪಕ್ಕ ತನ್ನದೇ ಕೈ ಇಟ್ಟು ಬಣ್ಣ ಹೊಂದಿಸಲಿ: ಮೊದಲು ಹಳದಿ, ಮೇಲೆ ಕಿತ್ತಳೆ, ಕೊನೆಗೆ ಕಂದು, ಎಲ್ಲ ತೆಳ್ಳಗೆ. ಮೊದಲೇ ಒತ್ತಿ ಹಚ್ಚಿದರೆ ಹಾಳೆಗೆ ಮೇಣ ತುಂಬಿ ಮೇಲಿನ ಬಣ್ಣ ಹಿಡಿಯಲ್ಲ.

ಫಾರ್ಮಸಿ_ಹುಬ್ಬಳ್ಳಿ:
ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್‌. ಡಾಕ್ಟರ್ ಬರೆದುಕೊಡದೆ ಮಗುವಿನ ಮುಖಕ್ಕೆ ಮುಟ್ಟಿಸಲೇಬೇಡ್ರಿ. ಮೊದಮೊದಲು ತಿಳಿಯಾದ ಹಾಗೆ ಕಾಣ್ತದ. ಬರಬರುತ್ತ ಚರ್ಮ ತೆಳ್ಳಗಾಗಿ ರಕ್ತನಾಳ ಎದ್ದು ಕಾಣ್ತಾವ. ಬಿಟ್ಟರ ಕೆಂಪಾಗಿ ಉರೀತದ, ಉರಿ ತಡೀಲಾರದೆ ಮತ್ತ ಹಚ್ತಾರ. ಕಡಲೆಹಿಟ್ಟು ಜಿಡ್ಡು ತೆಗೀತದ, ಬಣ್ಣ ಅಲ್ಲ. ಗಸಗಸ ತಿಕ್ಕಿದರ ಗೀರು ಬೀಳ್ತಾವ ಅಷ್ಟೇ.

ರೂಪಾ_ತುಮಕೂರು:
ಅತ್ತೆಯಂದಿರಿಗೆ ನೋವಾಗದ ಹಾಗೆ ಹೇಳೋದು ಹೇಗೆ?

ಶಾಂತಲಾ_ಆಪ್ತಸಲಹೆ:
ಮಗುವಿನ ಎದುರಿಗೆ ಬೇಡ. ‘ಕಪ್ಪಾದ್ರೂ ಲಕ್ಷಣವಾಗಿದೆ ಕೂಸು’ ಅಂತ ಅವರು ಪ್ರೀತಿಯಿಂದಲೇ ಅನ್ನೋದು. ‘ಅತ್ತೆ, ಆ ‘ಆದ್ರೂ’ ಒಂದು ಬಿಟ್ಟುಬಿಡಿ’ ಅಂತ ಕೇಳಿ. ಕೃಷ್ಣ ಅಂದರೇ ಕಪ್ಪು, ದ್ರೌಪದಿಗೂ ಕೃಷ್ಣೆ ಅನ್ನೋ ಹೆಸರಿದೆ. ಆ ಕಥೆ ಹೇಳೋ ಕೆಲಸ ಅವರಿಗೇ ಕೊಡಿ. ಎಣ್ಣೆ ಸ್ನಾನ ನಿಲ್ಲಿಸಬೇಡಿ. ನೀರು ಹುಯ್ಯುವಾಗ ‘ಬೆಳ್ಳಗಾಗ್ಲಿ’ ಅನ್ನೋ ಕಡೆ ‘ತಂಪಾಗ್ಲಿ’ ಅಂದರೆ ಆಯ್ತು.