ಪ್ರಶ್ನೋತ್ತರ: ಪುರಸಭೆ ಬಿಲ್ ಕೊಡದಿದ್ದರೆ ಕೋರ್ಟಿಗೆ ಹೋಗುವುದು ಹೇಗೆ?

ಸಣ್ಣ ಗುತ್ತಿಗೆದಾರ: ಸರ್, ಬಿಲ್ ಬಾಕಿಗೆ ದಾವೆ ಹಾಕಲು ಎಷ್ಟು ಕಾಲ ಇರುತ್ತದೆ?

ವಕೀಲರು: ಸಾಮಾನ್ಯವಾಗಿ 3 ವರ್ಷ. ಲೆಕ್ಕ ಯಾವತ್ತಿನಿಂದ ಅನ್ನೋದು ನಿಮ್ಮ ಕರಾರು ನೋಡಿ ಹೇಳಬೇಕು.

ಚರಂಡಿ ಕೆಲಸ: ಸರ್, ಮಳೆಗಾಲದಲ್ಲಿ ಅರ್ಜೆಂಟ್ ಅಂತ ಇಂಜಿನಿಯರ್ ಬಾಯಿಮಾತಲ್ಲಿ ಹೇಳಿದರು. ಚರಂಡಿ ಕಟ್ಟಿದೆ. ವರ್ಕ್ ಆರ್ಡರ್ ಇಲ್ಲ. 14 ಲಕ್ಷ ಬಾಕಿ. ಎಂ.ಬಿ.ಯಲ್ಲಿ (ಕೆಲಸದ ಅಳತೆ ಪುಸ್ತಕ) ಜೆ.ಇ. (ಕಿರಿಯ ಇಂಜಿನಿಯರ್) ಸಹಿ ಇದೆ, ಅವರ ಮೇಲಿನ ಎ.ಇ.ಇ. ಸಹಿಯ ಜಾಗ ಖಾಲಿ. ಎರಡು ವರ್ಷ ಒಂಬತ್ತು ತಿಂಗಳಾಯಿತು.

ವಕೀಲರು: ನನಗೆ ಭಯ ಹುಟ್ಟಿಸಿದ್ದು ಆ ಒಂಬತ್ತು ತಿಂಗಳು. ಆದೇಶವಿಲ್ಲ ಅಂದ ಮಾತ್ರಕ್ಕೆ ದುಡ್ಡು ಮುಳುಗಿತು ಅಂದ್ಕೋಬೇಡಿ. ಕರಾರು ಕಾಯ್ದೆಯ 70ನೇ ಕಲಂ ಇದೆ: ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ, ಕಾನೂನುಬದ್ಧವಾಗಿ ಕೆಲಸ ಮಾಡಿದ್ದು, ಅದರ ಲಾಭ ಎದುರಿನವರು ಪಡೆದಿದ್ದರೆ ಪರಿಹಾರ ಕೊಡಬೇಕು. ಪಶ್ಚಿಮ ಬಂಗಾಳ ಸರ್ಕಾರದ ವಿರುದ್ಧ ಬಿ.ಕೆ. ಮಂಡಲ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒಪ್ಪಿತು. ಅಲ್ಲೂ ಸರಿಯಾದ ಲಿಖಿತ ಕರಾರು ಇರಲಿಲ್ಲ. ಆದರೆ ಟೆಂಡರ್ ಇಲ್ಲದೆ ಮಾಡಿಸಿದ್ದೇ 1999ರ ಪಾರದರ್ಶಕತೆ ಕಾಯ್ದೆಗೆ (ಸರ್ಕಾರಿ ಖರೀದಿ, ಟೆಂಡರ್ ಕುರಿತ ಕರ್ನಾಟಕದ ಕಾಯ್ದೆ) ವಿರುದ್ಧ ಅಂತ ಪುರಸಭೆಯವರು ವಾದ ಎತ್ತುತ್ತಾರೆ. ಉತ್ತರ ಸಿದ್ಧವಿರಲಿ. ಆರ್‌ಟಿಐನಲ್ಲಿ ಎಂ.ಬಿ. ದೃಢೀಕೃತ ಪ್ರತಿ ತೆಗೆಯಿರಿ. ಇಂಜಿನಿಯರ್ ವಾಟ್ಸಾಪ್ ಸಂದೇಶ ಅಳಿಸಬೇಡಿ. 3 ಲಕ್ಷ ದಾಟಿದ ಕಾಮಗಾರಿ ವ್ಯಾಜ್ಯ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬಹುದು. ತುರ್ತು ಆದೇಶ ಕೇಳದಿದ್ದರೆ ಅಲ್ಲಿ ಮೊದಲು ಮಧ್ಯಸ್ಥಿಕೆ ಕಡ್ಡಾಯ. ಈ ವಾರವೇ ವಕೀಲರನ್ನು ಕಾಣಿ.

ರಸ್ತೆ ಕಾಂಟ್ರಾಕ್ಟ್: ಫಾರ್ವರ್ಡ್ ಬಂದಿದೆ: ನೋಟಿಸ್ ಕೊಟ್ಟರೆ ಮತ್ತೆ 3 ವರ್ಷ, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇದ್ದರೆ 45 ದಿನದಲ್ಲಿ ದುಡ್ಡು!

ವಕೀಲರು: ಎರಡನ್ನೂ ನಂಬಬೇಡಿ. ನೋಟಿಸ್ ಕೊಟ್ಟರೆ ಲೆಕ್ಕ ಹೊಸದಾಗಿ ಶುರುವಾಗಲ್ಲ. ಅವಧಿಯೊಳಗೆ ಪುರಸಭೆಯವರೇ ಬಾಕಿ ಒಪ್ಪಿ ಸಹಿ ಹಾಕಿದ ಪತ್ರ ಕೊಟ್ಟರೆ ಶುರುವಾಗುತ್ತದೆ. ಇನ್ನು ಆ 45 ದಿನ ಕಾಮಗಾರಿ ಗುತ್ತಿಗೆಗೆ ಅನ್ವಯಿಸುತ್ತದಾ ಅನ್ನೋದೇ ವಿವಾದ. ಇಂಥ ಫಾರ್ವರ್ಡ್ ನಂಬಿ ಅವಧಿ ಮೀರಿಸಿಕೊಂಡವರು ಬಂದು ಅಳುತ್ತಾರೆ. ದಯವಿಟ್ಟು ಹಂಚಬೇಡಿ.

ಹಳೇ ಕಾಂಟ್ರಾಕ್ಟರ್: ಕೋರ್ಟ್ ಸುತ್ತಿ ಏನು ಸಿಗುತ್ತೆ? ಕಮಿಷನ್ ಕೊಟ್ಟರೆ ನಾಳೆಯೇ ಬಿಲ್ ಪಾಸ್.

ಸಣ್ಣ ಗುತ್ತಿಗೆದಾರ: ನಿಮ್ಮಂಥವರು ಕೊಟ್ಟಿದ್ದಕ್ಕೇ ನಮ್ಮ ಫೈಲ್ ಕದಲ್ತಿಲ್ಲ ಅಣ್ಣ.

ಹಳೇ ಕಾಂಟ್ರಾಕ್ಟರ್: ಎರಡು ಚರಂಡಿ ಕಟ್ಟಿ ನನಗೆ ಬುದ್ಧಿ ಹೇಳ್ತೀಯಾ?

ವಕೀಲರು: ಲಂಚ ಕೊಡೋದೂ ಅಪರಾಧವೇ. ಜಗಳ ಬೇರೆ ಕಡೆ ಮಾಡಿ.

ಪೈಪ್‌ಲೈನ್: ಸರ್, ಭದ್ರತಾ ಠೇವಣಿ ವಾಪಸ್ ಬಂದಿಲ್ಲ, ಅದಕ್ಕೆ?

ಬೀದಿದೀಪ ಕೆಲಸ: ದಾವೆಗೆ ಎಷ್ಟು ವರ್ಷ ಸರ್?

ವಕೀಲರು: ಮೇಲೆ ಓದಿ.

ಚರಂಡಿ ಕೆಲಸ: ಸರ್, ಆರ್‌ಟಿಐ ಅರ್ಜಿ ಮುಂದಿನ ತಿಂಗಳು ಹಾಕಿದರೆ ಆಗಲ್ವಾ?

ವಕೀಲರು: ಆಗಲ್ಲ. ಉತ್ತರಕ್ಕೇ 30 ದಿನ ಹೋಗುತ್ತದೆ. ನಾಳೆ ಹಾಕಿ.