ಕಥಾವಾಚಕರ 38 ಸೆಕೆಂಡ್ ಕ್ಲಿಪ್‌ನಿಂದ ರೂಮ್‌ಮೇಟ್‌ಗಳು ಮಾತು ಬಿಟ್ಟಿದಾರೆ, ಪೂರ್ತಿ ವಿಡಿಯೋ ಹುಡುಕೋದು ಹೇಗೆ?

ದಾವಣಗೆರೆ_ಟು_ಬ್ರಾಂಪ್ಟನ್

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ನಾನು ಕೆನಡಾದ ಬ್ರಾಂಪ್ಟನ್‌ನಲ್ಲಿ ಒಂದು ಬೇಸ್ಮೆಂಟ್‌ನಲ್ಲಿ ಇದೀನಿ, ನಾಲ್ಕು ಜನ ಇದೀವಿ, ನಾನು, ಒಬ್ಬ ಗುಜರಾತಿ, ಇನ್ನಿಬ್ಬರು ಸಿಖ್ ಹುಡುಗರು. ಒಬ್ಬ ಪಂಜಾಬಿನ ತರನ್ ತಾರನ್ ಕಡೆಯವನು, ಇನ್ನೊಬ್ಬ ಲುಧಿಯಾನದವನು. ನಾನು ಹೊಸದಾಗಿ ಬಂದು ಕೆಲಸ ಇಲ್ದೆ ಕೂತಿದ್ದಾಗ ಎರಡು ತಿಂಗಳು ಬಾಡಿಗೆ ಕೇಳದೆ ಇಟ್ಕೊಂಡಿದ್ದು ಇವರಿಬ್ಬರೇ, ಗುರುದ್ವಾರಕ್ಕೆ ಕರ್ಕೊಂಡು ಹೋಗಿ ಲಂಗರ್‌ನಲ್ಲಿ ಕೂರಿಸಿ ಊಟ ಹಾಕ್ಸಿದ್ದೂ ಇವರೇ, ಅದಕ್ಕೇ ಈ ವಿಷಯ ನನಗೆ ತುಂಬಾ ಸಂಕಟ ಆಗ್ತಿದೆ.

ಆಗಿದ್ದು ಏನಂದ್ರೆ, 12 ದಿನದ ಹಿಂದೆ ತರನ್ ತಾರನ್ ಹುಡುಗನಿಗೆ ಮನೆಯಿಂದ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಬಂತು, ಒಬ್ಬ ಕಥಾವಾಚಕರು, ಅಂದ್ರೆ ಸಿಖ್ ಪ್ರವಚನ ಮಾಡೋರು, ಸ್ಟೇಜ್ ಮೇಲೆ ಕೂತು ಮಾತಾಡ್ತಿರೋದು, ಬರೀ 38 ಸೆಕೆಂಡ್. ಅದರಲ್ಲಿ ಅವರು ಹೇಳೋದು, ಸರೋವರದಲ್ಲಿ ಎಷ್ಟು ಸಲ ಮುಳುಗಿದ್ರೂ ಅಷ್ಟೇ, ನೀರು ನೀರೇ, ಅದರಿಂದ ಯಾವ ಪಾಪವೂ ಹೋಗಲ್ಲ ಅಂತ. ಕೆಳಗಡೆ ಕೆಂಪಕ್ಷರದಲ್ಲಿ ದರ್ಬಾರ್ ಸಾಹಿಬ್ (ಅಮೃತಸರದ ಸ್ವರ್ಣಮಂದಿರ) ಸರೋವರಕ್ಕೆ ಅವಮಾನ, ಇವನ ಸ್ಟೇಜ್ ಬಂದ್ ಮಾಡ್ಸಿ ಅಂತ ಬರೆದಿದಾರೆ. ಅವನು ಅದನ್ನ ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡ. ಲುಧಿಯಾನದವನು ಅದೇ ಕಥಾವಾಚಕರನ್ನ ದಿನಾ ಕೇಳೋನು, ಅವನು ಇದು ಕಟ್ ಮಾಡಿರೋ ವಿಡಿಯೋ ಅಂದ, ತರನ್ ತಾರನ್‌ನವನು ನಿಮ್ಮ ಮಿಷನರಿಗಳೆಲ್ಲ (ಸಿಖ್ ಮಿಷನರಿ ಕಾಲೇಜಲ್ಲಿ ಕಲಿತ ಪ್ರಚಾರಕರು) ಹಿಂಗೇ ಅಂದ, ಮಾತಿಗೆ ಮಾತು ಬೆಳೀತು. ಈಗ ಒಬ್ಬ ಅಡಿಗೆ ಮಾಡಿದ್ರೆ ಇನ್ನೊಬ್ಬ ಹೊರಗೆ ತಿಂದು ಬರ್ತಾನೆ.

ಪೂರ್ತಿ ವಿಡಿಯೋ ಎಲ್ಲಿ ಸಿಗುತ್ತೆ ಅಂತ ಹೇಗೆ ಹುಡುಕೋದು? ಈ ಸರೋವರದ ವಿಷಯ ಅಷ್ಟು ದೊಡ್ಡದು ಯಾಕೆ? ನಾನು ಮಧ್ಯ ಬಾಯಿ ಹಾಕಬಹುದಾ ಬೇಡವಾ? ಪಂಜಾಬಿ ಅರ್ಧಂಬರ್ಧ ಅರ್ಥ ಆಗುತ್ತೆ ನನಗೆ. ಕಥಾವಾಚಕರ ಹೆಸರು ಬೇಕಂತಲೇ ಹಾಕ್ತಿಲ್ಲ, ಇಲ್ಲೂ ಅದೇ ಜಗಳ ಶುರು ಆಗೋದು ಬೇಡ.

---

ಬೀದರಿ_ಮಲ್ಲು

ತಮ್ಮಾ, ನಾ ಬೀದರ್‌ದಾಂವ. ಸಣ್ಣಾವಿದ್ದಾಗಿಂದ ಇಲ್ಲಿನ ನಾನಕ್ ಝೀರಾ ಗುರುದ್ವಾರಕ್ಕ ಹೋಗಿ ಲಂಗರ್ ಉಂಡು ಬೆಳೆದೀನಿ, ಆಮ್ಯಾಲ ನೌಕರಿಗಂತ ಎಂಟು ವರ್ಷ ಅಮೃತಸರದಾಗ ಇದ್ದೆ, ಹಿಂಗಾಗಿ ಕಥಾ ಕೇಳಿ ಕೇಳಿ ರೂಢಿ ಅದ.

ಸರೋವರದ ಮಾತು ಯಾಕ ಇಷ್ಟು ನೋವು ಮಾಡ್ತದ ಅಂದ್ರ, ಆ ಸರೋವರ ತೋಡಿಸಿದ್ದು ನಾಕನೇ ಗುರು ರಾಮದಾಸರು, ಊರಿಗೆ ಅಮೃತಸರ ಅಂತ ಹೆಸರು ಬಂದದ್ದೇ ಆ ನೀರಿನಿಂದ. ಐದನೇ ಗುರು ಅರ್ಜನ್ ದೇವರ ವಾಣಿ ಅದ, ರಾಮದಾಸ್ ಸರೋವರದಾಗ ಮಿಂದವರ ಮಾಡಿದ ಪಾಪ ಎಲ್ಲಾ ತೊಳದು ಹೋದವು ಅಂತ. ತರನ್ ತಾರನ್ ಕಡಿ ಮನಿಯಾಗ ಹುಟ್ಟಿದ ಹುಡುಗಗ ಇದು ಉಸಿರಿದ್ದಂಗ, ಯಾಕಂದ್ರ ಅವರೂರಾಗೂ ಅರ್ಜನ್ ದೇವರೇ ಕಟ್ಟಿಸಿದ ದೊಡ್ಡ ಸರೋವರ ಅದ, ಅವನ ಅಜ್ಜಿ ಅವಗ ಕೈ ಹಿಡದು ಅಲ್ಲೇ ಮುಳುಗಿಸಿರ್ತಾಳ. ಆದ್ರ ಅದೇ ಗ್ರಂಥ ಸಾಹೇಬದಾಗ, ಅಂದ್ರ ಸಿಖ್ಖರ ಧರ್ಮಗ್ರಂಥದಾಗ, ಮೊದಲಿಗೇ ಬರೋ ಜಪ್‌ಜಿ ಒಳಗ, ಗುರು ನಾನಕರು ಹೇಳ್ಯಾರ, ಅವನಿಗೆ ಮೆಚ್ಚಿಗೆ ಆದ್ರ ಅದೇ ನನಗ ತೀರ್ಥಸ್ನಾನ, ಅವನಿಗೆ ಮೆಚ್ಚಿಗೆ ಆಗಲಾರದ ಮಿಂದು ಏನು ಮಾಡ್ಲಿ ಅಂತ. ಒಳಗಿನ ತೀರ್ಥದಾಗ ಮೀಯೋ ಮಾತೂ ಜಪ್‌ಜಿಯಾಗೇ ಬರ್ತದ. ಎರಡೂ ಗುರುವಾಣಿ, ಎರಡಕ್ಕೂ ತಲಿ ಬಾಗಸ್ತಾರ. ಟಕ್ಸಾಲಿ ಕಡೆಯವರು, ಅಂದ್ರ ಹಳೇ ಸಂಪ್ರದಾಯದ ಪಾಠಶಾಲಿಯವರು, ಮೊದಲನೇದನ್ನ ಒತ್ತಿ ಹೇಳ್ತಾರ, ಮಿಷನರಿ ಕಾಲೇಜಿನಾಗ ಕಲಿತ ಪ್ರಚಾರಕರು ಎರಡನೇದನ್ನ ಒತ್ತಿ ಹೇಳ್ತಾರ. ನಿನ್ನ ರೂಮಿನಾಗ ಇಬ್ಬರು ಜಗಳಾಡ್ಲಿಕತ್ತಾರಲ್ಲ, ಇಬ್ಬರೂ ಸುಳ್ಳಲ್ಲ.

ಈಗ ಮುಖ್ಯ ಮಾತು. ಕಥಾ ಹೇಳೋರು ಹ್ಯಾಂಗ ಹೇಳ್ತಾರ ಅಂದ್ರ, ನಮ್ಮ ಶಾಸ್ತ್ರಿಗಳು ಮೊದಲ ಪೂರ್ವಪಕ್ಷ ಇಟ್ಟು ಆಮ್ಯಾಲ ಸಿದ್ಧಾಂತ ಹೇಳಿದಂಗೇ. ಕೆಲವರು ಹಿಂಗಂತಾರ, ಹಿಂಗ ಕೇಳ್ತಾರ ಅಂತ ಎದುರಿನವರ ಮಾತನ್ನ ತಾವೇ ಜೋರಿಲೆ, ಅವರದೇ ಧ್ವನಿಯಾಗ ಆಡಿ ತೋರಸ್ತಾರ, ಐದು ನಿಮಿಷ, ಒಮ್ಮೊಮ್ಮೆ ಹತ್ತು ನಿಮಿಷ ಅದೇ ನಡೀತದ, ಕೇಳಿದ್ರ ಇವರೇ ಹೇಳ್ಲಿಕತ್ತಾರ ಅನ್ನಿಸ್ತದ. ಆಮ್ಯಾಲ ಉತ್ತರ. ಕತ್ತರಿ ಹಾಕೋರು ಆ ಪೂರ್ವಪಕ್ಷ ಒಂದನ್ನೇ ಎತ್ತಿ ಇವರದೇ ಮತ ಅಂತ ಹಂಚತಾರ.

ಗ್ರಂಥ ಸಾಹೇಬದಾಗೇ ಇದಕ್ಕ ಒಂದು ಉದಾಹರಣಿ ಅದ, ನನಗ ಭಾಳ ಹಿಡಿಸಿದ್ದು. 1384ನೇ ಅಂಗದಾಗ, ಅವರು ಪುಟ ಅನ್ನಂಗಿಲ್ಲ, ಅಂಗ ಅಂತಾರ, ಸೂಫಿ ಸಂತ ಶೇಖ್ ಫರೀದರ ಸಲೋಕ, ಅಂದ್ರ ಸಣ್ಣ ಪದ್ಯ, ಅದ. ಮೈ ತಂದೂರಿನಂಗ ಕಾಯಲಿ, ಎಲುಬು ಕಟ್ಟಿಗಿ ಆಗಿ ಉರೀಲಿ, ಕಾಲು ಸೋತ್ರ ತಲಿ ಮ್ಯಾಲೆ ನಡೀತೀನಿ, ಪ್ರಿಯ ಸಿಕ್ಕರ ಸಾಕು ಅಂತ. ಅದರ ಬೆನ್ನಿಗೇ ಬರೋ ಸಲೋಕ, ಮೈ ತಂದೂರಿನಂಗ ಕಾಸಬ್ಯಾಡ, ಎಲುಬು ಕಟ್ಟಿಗಿ ಹಂಗ ಸುಡಬ್ಯಾಡ, ನಿನ್ನ ತಲಿ ಕಾಲು ಏನು ತಪ್ಪು ಮಾಡ್ಯಾವ, ಪ್ರಿಯನ್ನ ಒಳಗೇ ನೋಡು ಅಂತ ಹೇಳ್ತದ. ಮೊದಲನೇದಷ್ಟನ್ನೇ ಕಟ್ ಮಾಡಿ ವಿಡಿಯೋ ಮಾಡಿದ್ರ ಸಿಖ್ ಧರ್ಮ ದೇಹ ದಂಡಿಸು ಅಂತದ ಅಂತ ಯಾರರೇ ಹೇಳಬಹುದು. ಗ್ರಂಥ ಜೋಡಿಸಿದವರು ಎರಡನ್ನೂ ಒಂದರ ಹಿಂದ ಒಂದು ಇಟ್ಟಾರ. ಈ ಎರಡು ಸಲೋಕ ನಿನ್ನ ಇಬ್ಬರೂ ಗೆಳೆಯರಿಗೆ ಗೊತ್ತಿರ್ತಾವ, ಬೇಕಾದ್ರ ಕೇಳಿ ನೋಡು.

---

ಟೈಮ್‌ಲೈನ್_ಕಿರಣ

ನಾನು ಬೆಂಗಳೂರಲ್ಲಿ ವಿಡಿಯೋ ಎಡಿಟರ್, ಹುಡುಕೋದು ಹೇಗೆ ಅಂತ ನಾನು ಹೇಳ್ತೀನಿ ಬ್ರೋ. ಮೊದಲು ಕ್ಲಿಪ್‌ನ ಸೌಂಡ್ ಹೆಡ್‌ಫೋನ್ ಹಾಕ್ಕೊಂಡು ಕೇಳು. ಹಿಂದೆ ಏನಾದ್ರೂ ಮ್ಯೂಸಿಕ್ ಹಾಕಿದಾರಾ? ಹಾಕಿದ್ರೆ ಅಲ್ಲೇ ಅನುಮಾನ ಪಡು, ಯಾಕಂದ್ರೆ ಹಾಲ್‌ನ ಫ್ಯಾನ್ ಸದ್ದು, ಸಂಗತ್‌ನ (ಸೇರಿರೋ ಭಕ್ತರ) ಗುಜುಗುಜು, ಮಗು ಅಳೋದು ಇವೆಲ್ಲ ಕಟ್ ಮಾಡಿದ ಜಾಗದಲ್ಲಿ ಟಕ್ ಅಂತ ಬದಲಾಗುತ್ತೆ, ಅದನ್ನ ಮುಚ್ಚೋಕೆ ಮ್ಯೂಸಿಕ್ ಹಾಕೋದು, ನಾವೆಲ್ಲ ಮದುವೆ ವಿಡಿಯೋದಲ್ಲೂ ಅದನ್ನೇ ಮಾಡೋದು. ಆಮೇಲೆ ಕೈ ನೋಡು, ಒಂದು ಫ್ರೇಮ್‌ನಲ್ಲಿ ಕೈ ಮೇಲಿದ್ದು ಮುಂದಿನ ಫ್ರೇಮ್‌ನಲ್ಲಿ ತೊಡೆ ಮೇಲಿದ್ರೆ ಮಧ್ಯ ಏನೋ ಹೋಗಿದೆ. ಕಟ್ ಆಗೋ ಜಾಗದಲ್ಲಿ ಸ್ವಲ್ಪ ಜೂಮ್ ಮಾಡಿರ್ತಾರೆ, ಕ್ಯಾಮೆರಾ ಬದಲಾಯ್ತೇನೋ ಅನ್ನಿಸ್ಲಿ ಅಂತ.

ಒರಿಜಿನಲ್ ಸಿಗೋದು ಕಷ್ಟ ಏನಿಲ್ಲ, ಈಗ ತುಂಬಾ ಗುರುದ್ವಾರಗಳು ದೀವಾನ್ (ಧಾರ್ಮಿಕ ಸಭೆ) ಪೂರ್ತಿ ಯೂಟ್ಯೂಬ್‌ನಲ್ಲಿ ಲೈವ್ ಹಾಕ್ತವೆ, ಎರಡು ಮೂರು ಗಂಟೆಯ ವಿಡಿಯೋ ಹಾಗೇ ಬಿದ್ದಿರುತ್ತೆ. ಸ್ಟೇಜ್ ಹಿಂದಿನ ಬ್ಯಾನರ್‌ನಲ್ಲಿ ಊರು, ತಾರೀಖು ಇರುತ್ತೆ, ಅರ್ಧ ಕ್ರಾಪ್ ಆಗಿದ್ರೂ ನಿನ್ನ ಫ್ರೆಂಡ್ ಗುರುಮುಖಿ ಲಿಪಿಯಲ್ಲಿ ಓದ್ತಾನೆ. ಪಗಡಿ ಬಣ್ಣ, ಮೈಕ್‌ಗೆ ಸುತ್ತಿರೋ ಬಟ್ಟೆ, ಹಿಂದಿನ ಹೂವು, ಇವನ್ನ ಇಟ್ಕೊಂಡು ಆ ತಿಂಗಳ ಲೈವ್‌ಗಳ ಥಂಬ್‌ನೇಲ್ ನೋಡ್ತಾ ಹೋಗು. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕು. ಸಿಕ್ಕಿದ ಮೇಲೆ ಪಾಸ್ ಮಾಡಿ ಕಂಪ್ಯೂಟರ್ ಕೀಬೋರ್ಡ್‌ನಲ್ಲಿ ಫುಲ್‌ಸ್ಟಾಪ್ ಕೀ ಒತ್ತು, ಒಂದೊಂದೇ ಫ್ರೇಮ್ ಮುಂದೆ ಹೋಗುತ್ತೆ.

ಬರೀ ಕಟ್ ಮಾಡೋದಷ್ಟೇ ಅಲ್ಲ. 2022ರ ಜನವರಿಯಲ್ಲಿ ಪಂಜಾಬಿನ ಫಿರೋಜ್‌ಪುರ ಹತ್ತಿರ ಪ್ರಧಾನಿ ಕಾರು ಫ್ಲೈಓವರ್ ಮೇಲೆ ನಿಂತು ದೊಡ್ಡ ಗಲಾಟೆ ಆಯ್ತಲ್ಲ, ಆಮೇಲೆ ಒಂದು ವಿಡಿಯೋ ಓಡಾಡ್ತು, ಕೇಂದ್ರ ಸಚಿವರು ಮೀಟಿಂಗ್‌ನಲ್ಲಿ ಕೂತು ಸೈನ್ಯದಿಂದ ಸಿಖ್ಖರನ್ನ ತೆಗೀಬೇಕು ಅಂತ ಮಾತಾಡ್ತಿರೋ ಹಾಗೆ. ದೃಶ್ಯ ನಿಜದ್ದೇ, ಆದರೆ ಅದು 2021ರ ಡಿಸೆಂಬರ್‌ದು, ಜನರಲ್ ಬಿಪಿನ್ ರಾವತ್ ಹೆಲಿಕಾಪ್ಟರ್ ಅಪಘಾತದಲ್ಲಿ ತೀರ್ಕೊಂಡಾಗ ನಡೆದ ಸಭೆ. ಮಾತು ಬೇರೆ ಎಲ್ಲಿಂದಲೋ ತಂದು ಮೇಲೆ ಅಂಟಿಸಿದ್ದು. ದೆಹಲಿ ಪೊಲೀಸ್ ಕೇಸ್ ಹಾಕಿದ್ರು. 2021ರ ಜನವರಿ 26ರ ಕೆಂಪುಕೋಟೆದೂ ನೋಡು, ತ್ರಿವರ್ಣ ಇಳಿಸಿ ಖಾಲಿಸ್ತಾನ್ ಬಾವುಟ ಹಾರಿಸಿದ್ರು ಅಂತ ಎಷ್ಟು ಜನ ಶೇರ್ ಮಾಡಿದ್ರು, ಹಾರಿಸಿದ್ದು ಸಿಖ್ಖರ ಧಾರ್ಮಿಕ ಬಾವುಟ ನಿಶಾನ್ ಸಾಹಿಬ್, ತ್ರಿವರ್ಣ ಅದರ ಜಾಗದಲ್ಲೇ ಹಾರ್ತಾ ಇತ್ತು. ಅಲ್ಲಿ ಬಾವುಟ ಹಾರಿಸಿದ್ದು ಸರಿನಾ ತಪ್ಪಾ ಅನ್ನೋದು ಬೇರೆ ಚರ್ಚೆ, ಆದರೆ ಫ್ರೇಮ್ ಚಿಕ್ಕದು ಮಾಡಿದ್ರೆ ಪಕ್ಕದ ಕಂಬ ಕಾಣಲ್ಲ ಅಷ್ಟೇ.

ಇನ್ನೊಂದು, ಕಳಿಸೋರು ಸಿಖ್ಖರೇ ಅಂತಾನೂ ಅಲ್ಲ. 2021ರಲ್ಲಿ ಸಿಖ್ಖರ ಹೆಸರು ಫೋಟೋ ಇಟ್ಕೊಂಡಿದ್ದ 80 ನಕಲಿ ಅಕೌಂಟ್‌ಗಳ ಜಾಲ ಸಿಕ್ಕಿತ್ತು, 2024ರ ಮೇನಲ್ಲಿ ಮೆಟಾ ಕಂಪನಿ ಚೀನಾದಿಂದ ನಡೀತಿದ್ದ ಇನ್ನೊಂದು ಜಾಲ ತೆಗೆದು ಹಾಕಿದೀವಿ ಅಂತ ಹೇಳ್ತು, ಅದೂ ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಭಾರತದ ಸಿಖ್ಖರನ್ನೇ ಗುರಿ ಮಾಡಿದ್ದು. ನಿಮ್ಮ ಕ್ಲಿಪ್ ಅಂಥದ್ದೇ ಅಂತ ಹೇಳ್ತಿಲ್ಲ ನಾನು, ಆದರೆ ಮೊದಲು ಯಾವ ಅಕೌಂಟ್ ಹಾಕಿದ್ದು ಅಂತ ನೋಡು.

---

ಶಾರದಾ_ಜಲಂಧರ್

ನಾನು ನಿಮಗಿಂತ ತುಂಬಾ ದೊಡ್ಡವಳು, ಮಗನ ಹಾಗೆ ಅಂದ್ಕೊಂಡು ಹೇಳ್ತೀನಪ್ಪ, ಬೇಜಾರಾಗಬೇಡ. ನಮ್ಮೆಜಮಾನ್ರ ಕೆಲಸದ ಮೇಲೆ ನಾವು ಜಲಂಧರದಲ್ಲಿ ಇದ್ವಿ. 2021ರ ಡಿಸೆಂಬರ್ 18ನೇ ತಾರೀಖು ಸಂಜೆ ದರ್ಬಾರ್ ಸಾಹಿಬ್ ಒಳಗೇ ಒಬ್ಬ ಕಟಕಟೆ ಹಾರಿ ಗ್ರಂಥ ಸಾಹಿಬ್ ಹತ್ತಿರ ಹೋಗಿ, ಅವನನ್ನ ಹೊಡೆದು ಸಾಯಿಸಿದ್ರು, ಟೀವಿಲಿ ಲೈವ್ ನೋಡ್ತಿದ್ದೋರು ಎಷ್ಟೋ ಜನ. ಮಾರನೇ ದಿನವೇ ನಮ್ಮ ಪಕ್ಕದ ಕಪೂರ್ಥಲಾ ಜಿಲ್ಲೆ ನಿಜಾಂಪುರದ ಒಂದು ಗುರುದ್ವಾರದಲ್ಲಿ ಒಬ್ಬ ಹುಡುಗ ಸಿಕ್ಕಿಬಿದ್ದ, ಬೇಅದಬಿ (ಗ್ರಂಥಕ್ಕೆ ಅಪಚಾರ) ಮಾಡೋಕೆ ಬಂದಿದ್ದ ಅಂತ ವಿಡಿಯೋ ಹರಡ್ತು, ಜನ ಸೇರ್ತಾನೇ ಹೋದ್ರು, ಪೊಲೀಸರು ಅಲ್ಲೇ ಇದ್ದಾಗಲೇ ಕೊಂದುಬಿಟ್ರು. ಕೆಲವೇ ದಿನದಲ್ಲಿ ಆಗಿನ ಮುಖ್ಯಮಂತ್ರಿ ಚನ್ನಿಯವರೇ ಹೇಳಿದ್ರು, ಅಲ್ಲಿ ಬೇಅದಬಿ ನಡೆದಿದ್ದಕ್ಕೆ ಏನೂ ಸಾಕ್ಷಿ ಇಲ್ಲ, ಇದು ಕೊಲೆ ಅಂತ. ಆ ಗುರುದ್ವಾರ ನೋಡ್ಕೊಳ್ತಿದ್ದವರನ್ನೇ ಅರೆಸ್ಟ್ ಮಾಡಿದ್ರು. ಆ ದಿನ ನಮ್ಮ ಪಕ್ಕದ ಮನೆ ಬೀಬಿಜಿ, ಇರುವೆ ತುಳಿದ್ರೂ ವಾಹೆಗುರು ಅನ್ನೋ ಹೆಂಗಸು, ಬೆಳಿಗ್ಗೆ ಆ ವಿಡಿಯೋ ನನಗೆ ಕಳಿಸಿದ್ರು, ಸಂಜೆ ಹೊತ್ತಿಗೆ ಏನೋ ಕೇಳಿ ಬಂದು ನನ್ನ ಫೋನ್‌ನಿಂದ ಅದನ್ನ ಅಳಿಸು ಅಂತ ಕೈ ಹಿಡ್ಕೊಂಡ್ರು. ಅವರ ಕೈ ನಡುಗ್ತಿದ್ದದ್ದು ನನಗಿನ್ನೂ ನೆನಪಿದೆ.

ಆ ತರನ್ ತಾರನ್ ಹುಡುಗನ ದುಃಖ ನಿಜ ಕಣಪ್ಪ, ಅದನ್ನ ಮೊದಲು ಕೇಳು. ನಿನ್ನ ವಿಡಿಯೋ ಸುಳ್ಳು ಅಂತ ಮೊದಲೇ ಶುರು ಮಾಡಿದ್ರೆ ನಿನ್ನ ಭಕ್ತಿ ಸುಳ್ಳು ಅಂತ ಹೇಳಿದ ಹಾಗೆ ಕೇಳಿಸುತ್ತೆ ಅವನಿಗೆ.

---

ಹಳೇಬೇರು

ಎಲ್ಲರೂ ಚೆನ್ನಾಗಿ ಹೇಳಿದೀರಿ, ಆದ್ರೆ ಒಂದು ಮಾತು ಸೇರಿಸ್ಲೇಬೇಕು. ವಿವಾದ ಆದ ಎಲ್ಲಾ ಕ್ಲಿಪ್ ಎಡಿಟ್ ಅಂತ ತಳ್ಳಿಹಾಕೋದು ತಪ್ಪು, ಕೆಲವು ಸಲ ಮಾತಾಡಿದವರು ನಿಜವಾಗ್ಲೂ ಹಾಗೇ ಮಾತಾಡಿರ್ತಾರೆ, ಸಿಕ್ಕಿಬಿದ್ದ ಮೇಲೆ ಹಿಂದೆ ಮುಂದೆ ಕಟ್ ಮಾಡಿದಾರೆ ಅಂತಾರೆ. ಸಿಖ್ ಪ್ರಚಾರಕ ರಂಜಿತ್ ಸಿಂಗ್ ಢಡ್ರಿಯಾಂವಾಲೆ ಅವರ ವಿಷಯವೇ ನೋಡಿ. ಅವರು ಸ್ಟೇಜ್ ಮೇಲೆ ಆಡಿದ ಮಾತುಗಳ ಬಗ್ಗೆ ವರ್ಷಗಟ್ಟಲೆ ಜಗಳ, 2016ರ ಮೇನಲ್ಲಿ ಲುಧಿಯಾನದಲ್ಲಿ ದಾರಿ ಬದಿ ಛಬೀಲ್ ಇಟ್ಟು, ಅಂದ್ರೆ ನಮ್ಮ ಅರವಟ್ಟಿಗೆ ಇದ್ದ ಹಾಗೆ, ಅವರ ಗಾಡಿ ನಿಲ್ಲಿಸಿ ಗುಂಡು ಹಾರಿಸಿದ್ರು, ಅವರು ಉಳ್ಕೊಂಡ್ರು, ಜೊತೇಲಿದ್ದ ಪ್ರಚಾರಕರು ಸತ್ತೋದ್ರು. 2020ರಲ್ಲಿ ಸಿಖ್ಖರ ಅತ್ಯುನ್ನತ ಧರ್ಮಪೀಠ ಅಕಾಲ್ ತಖ್ತ್, ಅವರ ಕಾರ್ಯಕ್ರಮ ಇಡಬೇಡಿ, ಕೇಳಬೇಡಿ ಅಂತ ಸಂಗತ್‌ಗೆ ಹೇಳ್ತು. 2025ರ ಮೇನಲ್ಲಿ ಅವರು ತಖ್ತ್ ಮುಂದೆ ಬಂದು ಕ್ಷಮೆ ಕೇಳಿದ ಮೇಲೆ ಮಾಫಿ ಆಯ್ತು. ಕೊನೆಗೂ ಇತ್ಯರ್ಥ ಆಗಿದ್ದು ಎದುರುಬದುರು ನಿಂತಾಗ. ತಖ್ತ್‌ಗೆ ಅದಕ್ಕೊಂದು ದಾರಿ ಇದೆ, ದೂರು ಬಂದ್ರೆ ಕರೆಸ್ತಾರೆ, ಕೇಳ್ತಾರೆ, ತಪ್ಪು ಅಂತ ಆದ್ರೆ ತನಖಾಹ್ ಅಂತ ಧಾರ್ಮಿಕ ಶಿಕ್ಷೆ ಹಾಕ್ತಾರೆ, ಪಾತ್ರೆ ತೊಳಿ, ಚಪ್ಪಲಿ ಒರೆಸು ಅಂತ. ಆದ್ರೆ ಯೂಟ್ಯೂಬ್‌ನಲ್ಲಿ ತೀರ್ಪು ಅಷ್ಟರೊಳಗೆ ಆಗಿಹೋಗಿರುತ್ತೆ.

ಹಾಗಾಗಿ ಪೂರ್ತಿ ವಿಡಿಯೋ ಸಿಕ್ಕಿದ್ರೂ ಗೆದ್ದೆ ಅಂತ ತೋರಿಸಬೇಡಿ. ಪೂರ್ತಿ ನೋಡಿದ ಮೇಲೂ ಅವನಿಗೆ ನೋವಾದ್ರೆ ಅದು ಅವನ ಹಕ್ಕು.

---

ದಾವಣಗೆರೆ_ಟು_ಬ್ರಾಂಪ್ಟನ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ನಾಲ್ಕು ದಿನ ಬಿಟ್ಟು ಬರೀತಿದೀನಿ. ಕಿರಣ್ ಬ್ರೋ ಹೇಳಿದ ಹಾಗೇ ಬ್ಯಾನರ್‌ನಿಂದ ಸಿಕ್ತು, 1 ಗಂಟೆ 52 ನಿಮಿಷದ ಲೈವ್. ನಾನೂ ಲುಧಿಯಾನದವನೂ ರಾತ್ರಿ ಶಿಫ್ಟ್ ಮುಗಿಸಿ ಬಂದು ಕೂತು ನೋಡಿದ್ವಿ. 38 ಸೆಕೆಂಡ್‌ನಲ್ಲಿ ಎರಡು ಕಡೆ ಕಟ್ ಆಗಿದೆ. ಮಲ್ಲು ಅಣ್ಣ ಹೇಳಿದ್ದೇ ನಿಜ, ಹಿಂದಿನ ವಾಕ್ಯ ಇದ್ದಿದ್ದು, ಈಗಿನ ಹುಡುಗರು ನನ್ನ ಹತ್ರ ಬಂದು ಹಿಂಗೆ ಕೇಳ್ತಾರೆ ಅಂತ. ಆಮೇಲೆ ಆ ರಾಮದಾಸ್ ಸರೋವರದ ವಾಣಿಯನ್ನೇ ಹಾಡಿ, ಮೈ ಜೊತೆ ಮನಸ್ಸೂ ಮುಳುಗಬೇಕು ಅಂತ ಆರು ನಿಮಿಷ ವಿವರಿಸಿದಾರೆ, ಅದು ಕ್ಲಿಪ್‌ನಲ್ಲಿ ಇಲ್ವೇ ಇಲ್ಲ.

ಶಾರದಮ್ಮ, ನೀವು ಹೇಳಿದ್ದಕ್ಕೆ ನಾನು ಮೊದಲು ವಿಡಿಯೋ ತೋರಿಸ್ಲಿಲ್ಲ, ನಿಮ್ಮೂರಿನ ಸರೋವರ ಹೆಂಗಿದೆ ಹೇಳೋ ಅಂತ ಕೇಳ್ದೆ. ಅರ್ಧ ಗಂಟೆ ಹೇಳಿದ, ಅವರಜ್ಜ ಇವನನ್ನ ಹೆಗಲ ಮೇಲೆ ಕೂರಿಸ್ಕೊಂಡು ಅಮಾವಾಸ್ಯೆ ಮೇಳಕ್ಕೆ ಹೋಗ್ತಿದ್ದದ್ದೆಲ್ಲ. ಆಮೇಲೆ ಅವನೇ ಕೇಳಿದ, ಪೂರ್ತಿ ವಿಡಿಯೋ ಸಿಕ್ತಂತಲ್ಲ ಅಂತ. ಒಬ್ಬನೇ ಕೂತು ನೋಡಿದ. ನೋಡಿ ಆದ್ಮೇಲೆ ಅಂದ, ಅವರು ಹೇಳಿದ್ದು ತಪ್ಪಲ್ಲ, ಆದ್ರೂ ಆ ಮಾತನ್ನ ಅಷ್ಟು ಜೋರಾಗಿ ಆಡಿ ತೋರಿಸಬಾರದಿತ್ತು ಅಂತ. ಲುಧಿಯಾನದವನು ಅದಕ್ಕೆ ಏನೂ ಅನ್ನಲಿಲ್ಲ, ಚಾ ಇಟ್ಟ, ಮೂರು ಲೋಟ.

ಕ್ಲಿಪ್ ಅವನಿಗೆ ಕಳಿಸಿದ್ದು ಅವನ ತಂಗಿಯಂತೆ. ಅವಳು ಊರಿನ ಮನೆಮಂದಿ ಗ್ರೂಪ್‌ಗೂ ಹಾಕಿದಾಳೆ, ಅದರಲ್ಲಿ 64 ಜನ ಇದಾರೆ. ನಿನ್ನೆ ರಾತ್ರಿ ಅವಳಿಗೆ ಪೂರ್ತಿ ಲಿಂಕ್ ಕಳಿಸಿ, ಗ್ರೂಪ್‌ಗೆ ನೀನೇ ಹಾಕು ಅಂತ ಬರೆದಿದಾನೆ. ನೋಡಿದಾಳೆ, ಇನ್ನೂ ಉತ್ತರ ಬಂದಿಲ್ಲ.